ಸೊಸೆಯ ಎರಡನೇ ಚಾರ್ಜರ್

“ಊಟಕ್ಕೆ ಉಪ್ಪು ಜಾಸ್ತಿ ಆದ್ರೆ ಹತ್ತು ಪರ್ಸೆಂಟ್ ಕಟ್,” ಅಂದಳು ಮುದುಕಿ ನಗುತ್ತಾ. “ಎದುರು ಮಾತಾಡಿದ್ರೆ ಇಪ್ಪತ್ತು. ನನ್ನ ಮಗ ಹೆಂಡ್ತಿ ಮೇಲೆ ಕೈ ಎತ್ತೋನಲ್ಲ ಮೇಡಂ. ಎಲ್ಲಾ ಫೋನಲ್ಲೇ ಬುದ್ಧಿ ಕಲಿಸ್ತಿದ್ದ.”

ಅವಳು ತೋರಿಸುತ್ತಿದ್ದದ್ದು ಪೋರ್ಟಿಕೋದ ಗೋಡೆಗೆ ಬಿಗಿದಿದ್ದ ಬಿಳಿ ಡಬ್ಬವನ್ನು. ಎಲೆಕ್ಟ್ರಿಕ್ ಕಾರಿಗೆ ಮನೆಯಲ್ಲೇ ಕರೆಂಟು ತುಂಬುವ ಚಾರ್ಜರ್. ದಪ್ಪ ಕೇಬಲ್ಲು ಸುರುಳಿ ಸುತ್ತಿಕೊಂಡು ಕೊಕ್ಕೆಗೆ ನೇತಾಡುತ್ತಿತ್ತು. ಅದರ ಬೀಗ ಮಗನ ಫೋನಿನಲ್ಲಿತ್ತು. ಮನೆಯ ಮುಂದಿನ ಕೋಣೆಯೇ ಅವನ ಹಲ್ಲಿನ ಕ್ಲಿನಿಕ್ಕು. ಅಲ್ಲಿ ಯಾರದೋ ಹಲ್ಲು ಕೆರೆಯುತ್ತಾ ಕೂತೇ, ಹೆಂಡತಿಯ ಕಾರಿಗೆ ಇವತ್ತು ಎಷ್ಟು ತುಂಬಬೇಕು ಅಂತ ಅವನು ತೀರ್ಮಾನ ಮಾಡುತ್ತಿದ್ದ. ಶಾಲೆಗೆ ಹೋಗಿ ಬರುವಷ್ಟು, ಅದರ ಮೇಲೆ ಚೂರೂ ಇಲ್ಲ.

ಆ ಹೆಂಡತಿ, ಶಾಲೆಯೊಂದರ ಹೊಲಿಗೆ ಟೀಚರ್, ಹೋದ ವಾರ ಕಾರು ತೆಗೆದುಕೊಂಡು ಹೊರಟವಳು ವಾಪಸು ಬಂದಿಲ್ಲ. ಕಾರು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಸಿಕ್ಕಿತು, ಬ್ಯಾಟರಿ ಪೂರ್ತಿ ಖಾಲಿ. ನೀರಿನ ಅಂಚಿನಲ್ಲಿ ಅವಳ ಚಪ್ಪಲಿ. ಹೆಣ ಸಿಕ್ಕಿಲ್ಲ. ಅವಳ ಅಣ್ಣ, ಬೇಕರಿಯವನು, ಪೊಲೀಸ್ ಇಲಾಖೆ ಬಿಟ್ಟು ಖಾಸಗಿ ಪತ್ತೇದಾರಿಕೆ ಮಾಡಿಕೊಂಡಿರುವ ನನ್ನನ್ನು ಹುಡುಕಿಕೊಂಡು ಬಂದಿದ್ದ.

ದಾರಿಯಲ್ಲಿ ಎಲ್ಲಾದರೂ ಚಾರ್ಜ್ ಮಾಡಿಸಿಕೊಳ್ಳಬಹುದಿತ್ತಲ್ಲ ಅಂತ ಮುದುಕಿಯನ್ನು ಕೇಳಿದೆ. ಅದಕ್ಕೂ ನಗು. ಸೊಸೆಯ ಫೋನನ್ನು ಮಗ ದಿನಾ ತೆಗೆದು ನೋಡುತ್ತಿದ್ದನಂತೆ. ಸಂಬಳ ಬರುವ ಕಾರ್ಡು ಅವನ ಜೇಬಿನಲ್ಲೇ. ಪಾಪ, ಅವಳಿಗೆ ಯಾವ ತಲೆನೋವೂ ಇರಲಿಲ್ಲ ಅಂದಳು.

ಆಮೇಲೆ ಅವಳಾಗಿಯೇ ಒಂದು ಪ್ರಸಂಗ ಹೇಳಿದಳು. ಸೊಸೆಯ ತಾಯಿಗೆ ಉಸಿರು ಹಿಡಿದಿದೆ, ಬೇಗ ಬಾ ಅಂತ ಅಣ್ಣನ ಫೋನು ಬಂತು. ಹಿಂದಿನ ದಿನ ಗಂಡ ಹೆಂಡಿರಿಗೆ ಏನೋ ಮಾತಾಗಿತ್ತು. ಮಗ ಹೋಗಬೇಡ ಅನ್ನಲಿಲ್ಲ. ಅರ್ಧ ದಾರಿಗೆ ಆಗುವಷ್ಟು ಮಾತ್ರ ತುಂಬಿ, ಹೋಗಿ ಬಾ ಅಂದ. ಅವಳು ಗಾಬರಿಯಲ್ಲಿ ಮೀಟರು ಕೂಡ ನೋಡದೆ ಹೊರಟಳು. ಹೊಲದ ಮಧ್ಯೆ ಕಾರು ನಿಂತಿತು. ಫೋನ್ ಮಾಡಿದರೆ, ಕುರ್ಚಿಯಲ್ಲಿ ಪೇಷಂಟ್ ಇದ್ದಾರೆ ಅಂದನಂತೆ ಇವನು. ಅವಳು ಯಾವುದೋ ಟ್ರ್ಯಾಕ್ಟರ್ ಹತ್ತಿ ತಲುಪುವಷ್ಟರಲ್ಲಿ ತಾಯಿಯ ಕಣ್ಣು ಮುಚ್ಚಿಯಾಗಿತ್ತು.

“ಆಮೇಲೆ ಒಂದು ದಿನಾನೂ ತಿರುಗಿ ಮಾತಾಡಿಲ್ಲ,” ಅಂದಳು. “ಅಷ್ಟು ಚೆನ್ನಾಗಿ ಬುದ್ಧಿ ಬಂತು.”

ನನ್ನ ಎಡದವಡೆಯ ಹಿಂದಿನ ಹಲ್ಲು ಬೇರೆ ನಾಲ್ಕು ದಿನದಿಂದ ಜೀವ ತಿನ್ನುತ್ತಿತ್ತು. ಮುದುಕಿಯ ಕೆನ್ನೆಗೆ ಒಂದು ಬಿಡುವ ಆಸೆಯನ್ನು ನುಂಗಿಕೊಂಡು ಗೇಟು ದಾಟಿದೆ.

ಆದರೆ ಅವಳ ಬಾಯಿಂದ ನನಗೆ ಬೇಕಾದ್ದು ಸಿಕ್ಕಿತ್ತು. ಹಿನ್ನೀರು ಆ ಶಾಲೆಯ ದಾರಿಗಿಂತ ಮೂರು ಪಟ್ಟು ದೂರ. ಗಂಡ ಅಳೆದು ಕೊಟ್ಟ ಚಾರ್ಜಿನಲ್ಲಿ ಆ ಕಾರು ಅಲ್ಲಿಗೆ ಹೋಗಿ ಸಾಯೋಕೂ ಸಾಧ್ಯವಿರಲಿಲ್ಲ. ಮಿಕ್ಕಿದ್ದನ್ನು ಯಾರು ತುಂಬಿದರು?

ಶಾಲೆಗೆ ಹೋದೆ. ಹೊಲಿಗೆ ಕೋಣೆಯಲ್ಲಿ ಎಲ್ಲವೂ ಕಾಲಲ್ಲಿ ತುಳಿಯುವ ಯಂತ್ರಗಳು. ಇಸ್ತ್ರಿ ಪೆಟ್ಟಿಗೆ ಕೆಟ್ಟು ಮೂಲೆ ಸೇರಿ ವರ್ಷವಾಯಿತಂತೆ. ಆದರೆ ಕಿಟಕಿ ಪಕ್ಕದ ದಪ್ಪ ಪ್ಲಗ್ ಪಾಯಿಂಟಿನ ಸುತ್ತ ಪ್ಲಾಸ್ಟಿಕ್ಕು ಕಂದಿ ಕಂದು ಬಣ್ಣಕ್ಕೆ ತಿರುಗಿತ್ತು. ಗಂಟೆಗಟ್ಟಲೆ ಏನೋ ಭಾರಿ ಎಳೆದಿದೆ. ಕಿಟಕಿಯ ಆಚೆ ಬದಿಗೆ ಟೀಚರುಗಳ ಕಾರು ನಿಲ್ಲಿಸುವ ಜಾಗ. ಕಿಟಕಿಯ ಚೌಕಟ್ಟಿನ ಬಣ್ಣ ಒಂದು ಕಡೆ ಮಾತ್ರ ಸವೆದಿತ್ತು, ಕೇಬಲ್ಲಿನ ಅಗಲಕ್ಕೆ ಸರಿಯಾಗಿ.

ಎಲಾ ಟೀಚರಮ್ಮ, ಅಂದುಕೊಂಡೆ. ಆ ಮನೆಗೆ ಹೋದ ಮೇಲೆ ಮೊದಲ ಸಲ ಖುಷಿಯಾಯಿತು.

ಅಲ್ಲಿಂದ ಸೀದಾ ಚಾರ್ಜರ್ ಮಾರುವ ಅಂಗಡಿಗೆ. ಆ ಮಾಲೀಕ ಬಾಯಿ ತೆರೆದರೆ ಮೂವತ್ತೆರಡು ಹಲ್ಲೂ ಒಂದೇ ಅಚ್ಚಿನಲ್ಲಿ ಮಾಡಿಸಿದ ಹಾಗೆ ಬೆಳ್ಳಗೆ ಸಾಲಾಗಿದ್ದವು. ನನಗಿದ್ದ ನೋವಿನಲ್ಲಿ ಅವನ್ನು ನೋಡಿ ಹೊಟ್ಟೆ ಉರಿಯಿತು.

ಗಂಡ ಹೆಂಡತಿ ಇಬ್ಬರೂ ಬಂದಿದ್ದರಂತೆ. ಡಾಕ್ಟರ್ ನೋಡಿದ್ದು ಗೋಡೆಗೆ ಹಾಕುವುದನ್ನು ಮಾತ್ರ. ಬೇಗ ತುಂಬುತ್ತೆ, ಅದಕ್ಕೇ ಅಂತ ಬೇರೆ ಲೈನು ಎಳೆಸಬೇಕು, ಒಂದು ಸಲ ಹಾಕಿದರೆ ಅಲ್ಲಾಡೋದಿಲ್ಲ. ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: ನನ್ನ ಫೋನಿಲ್ಲದೆ ಬೇರೆಯವರು ಇದನ್ನು ಆನ್ ಮಾಡೋಕೆ ಆಗುತ್ತಾ? ಆಗಲ್ಲ ಅಂದ ಮೇಲೆ ತಕ್ಷಣ ಕೊಂಡ. ಪೋರ್ಟಬಲ್ ಕೂಡ ಒಂದಿರಲಿ, ದಾರಿಯಲ್ಲಿ ಅನುಕೂಲ ಅಂತ ಮಾಲೀಕ ಹೇಳಿದರೆ, ನಮ್ಮವಳು ಅಷ್ಟು ದೂರ ಎಲ್ಲೂ ಹೋಗಲ್ಲ ಅಂದನಂತೆ.

ಕೆಲವು ತಿಂಗಳಾದ ಮೇಲೆ ಅವಳೊಬ್ಬಳೇ ಬಂದಳು. ಪರದೆ, ದಿಂಬಿನ ಕವರು ಹೊಲಿದು ಕೂಡಿಸಿದ ಚಿಲ್ಲರೆ ನೋಟು ಕರ್ಚೀಫಿನಲ್ಲಿ ಕಟ್ಟಿಕೊಂಡಿದ್ದಳು. ಪೋರ್ಟಬಲ್ ಚಾರ್ಜರ್ ಬೇಕು ಅಂದಳು. ಒಂದು ತುದಿ ಮಾಮೂಲಿ ದಪ್ಪ ಪ್ಲಗ್ಗಿಗೆ, ಇನ್ನೊಂದು ತುದಿ ಕಾರಿಗೆ, ಮಧ್ಯೆ ಇಟ್ಟಿಗೆಯಷ್ಟು ಡಬ್ಬ. ಅರ್ತಿಂಗ್ ಸರಿ ಇದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ತುಂಬೋದು ನಿಧಾನ. ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

“ಕೇಬಲ್ ಎಷ್ಟು ಉದ್ದ ಅಂತ ಕೇಳಿದ್ರು,” ಅಂದ ಮಾಲೀಕ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಾ. “ಹೊಲಿಗೆ ಚೀಲದಲ್ಲಿ ಹಿಡಿಯುತ್ತಾ ಅಂತ ಕೇಳಿದ್ರು. ಆಮೇಲೆ, ಇದು ಸದ್ದು ಮಾಡುತ್ತಾ ಅಂತ.”

ಅವತ್ತು ಇದ್ದದ್ದು ಒಂದೇ ಮಾದರಿ, ಅದನ್ನೇ ಕೊಟ್ಟೆ ಅಂದ. ಅವನ ಹಿಂದಿನ ಶೆಲ್ಫಿನಲ್ಲಿ ಬೇರೆ ಮಾದರಿಯ ಡಬ್ಬಗಳು ಧೂಳು ಹಿಡಿದು ಕೂತಿದ್ದವು. ನೋಡಿದೆ. ಇನ್ನೊಂದು ವಿಷಯ ಕೇಳಿಕೊಂಡು ಬಂದೆ: ಇವನ್ನೆಲ್ಲ ಕಾರಿಗೆ ಚುಚ್ಚುವ ಬಾಯಿ ಒಂದೇ ಥರ, ಯಾರ ಚಾರ್ಜರನ್ನು ಯಾರ ಗಾಡಿಗಾದರೂ ಹಾಕಬಹುದು.

ಪೊಲೀಸ್ ಠಾಣೆಯ ಹಿತ್ತಲಲ್ಲಿ ನಿಂತಿದ್ದ ಕಾರನ್ನು ಬೇರೆ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ, ಗಂಡನಿಗೂ. ನನ್ನ ಹಳೆಯ ಪರಿಚಯಕ್ಕೆ ಡಿಕ್ಕಿ ತೆಗೆದು ತೋರಿಸಿದರು. ಮ್ಯಾಟಿನ ಕೆಳಗೆ, ಸ್ಪೇರ್ ಟೈರಿನ ಹಳ್ಳದಲ್ಲಿ, ಹೊಲಿಗೆ ಚೀಲದ ಗಾತ್ರದ ಜಾಗ ಧೂಳಿಲ್ಲದೆ ಖಾಲಿ ಇತ್ತು. ಒಂದೆರಡು ಬಣ್ಣದ ದಾರದ ಚೂರು ಬಿದ್ದಿದ್ದವು. ಚಾರ್ಜರ್ ಇರಲಿಲ್ಲ.

ಮುಳುಗಿ ಸಾಯಲು ಹೋಗುವವಳು ಚಪ್ಪಲಿ ಬಿಟ್ಟು ಚಾರ್ಜರ್ ಹೊತ್ತುಕೊಂಡು ನೀರಿಗೆ ಇಳಿಯುವುದಿಲ್ಲ. ಅವಳು ಬೇಕಂತಲೇ ಬ್ಯಾಟರಿ ಖಾಲಿ ಮಾಡಿ, ಚಪ್ಪಲಿ ಇಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನಡೆದು ಹೋಗಿದ್ದಾಳೆ. ಬದುಕಿದ್ದಾಳೆ. ಅಣ್ಣನಿಗೆ ಇದನ್ನು ನಾನೇ ಹೇಳಬೇಕು ಅಂತ ಬೇಕರಿಗೆ ಹೊರಟೆ.

ಬೇಕರಿಯ ಒಲೆಮನೆಯಲ್ಲಿ ಅವನು ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಬ್ರೆಡ್ಡಿನ ಕಣಕ ನಾದುತ್ತಿದ್ದ. ಬೆವರು ಕಿತ್ತು ಬರುತ್ತಿತ್ತು. ಪಕ್ಕದಲ್ಲೇ ಹಿಟ್ಟು ಕಲಸುವ ಮಷೀನು ಸುಮ್ಮನೆ ನಿಂತಿತ್ತು, ಅದರ ಪ್ಲಗ್ಗು ಕಿತ್ತು ನೆಲದ ಮೇಲೆ ಬಿದ್ದಿತ್ತು. ಮಷೀನಿಗೆ ರಜಾ ಕೊಟ್ಟಿದ್ದೀರಾ ಅಂತ ಕೆಣಕಿದೆ. ಆ ಪಾಯಿಂಟು ಬೇರೆ ಕೆಲಸಕ್ಕೆ ಬೇಕು ಅಂದು ಮಾತು ಹಾರಿಸಿದ.

ಬ್ರೆಡ್ ಸಾಗಿಸುವ ಅವನ ಪುಟ್ಟ ಎಲೆಕ್ಟ್ರಿಕ್ ವ್ಯಾನು ಹಿಂದಿನ ಓಣಿಯಲ್ಲಿ ನಿಂತಿತ್ತು. ಅದರ ಚಾರ್ಜರ್ ನಿನ್ನೆ ಸುಟ್ಟುಹೋಯಿತು, ಇವತ್ತು ಸಂಜೆಯೊಳಗೆ ದೂರದ ಊರಿಗೆ ಒಂದು ಆರ್ಡರ್ ತಲುಪಿಸಲೇಬೇಕು ಅಂತ ಗೋಳಾಡಿದ. ನಾನು ಆಗಷ್ಟೇ ಕಲಿತ ವಿದ್ಯೆ ಪ್ರದರ್ಶನ ಮಾಡಿದೆ. ಎಲ್ಲದರ ಬಾಯೂ ಒಂದೇ ಕಣಯ್ಯಾ, ಯಾರದಾದರೂ ಚಾರ್ಜರ್ ಇಸ್ಕೊಂಡು ಹಾಕು ಅಂದೆ. ಅವನು ನಾದುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ.

“ನಿಜವಾಗ್ಲೂ ಹಾಕಬಹುದಾ ಮೇಡಂ? ಕಾರಿಂದು ವ್ಯಾನಿಗೆ?”

ಧಾರಾಳವಾಗಿ ಅಂದೆ. ಆಮೇಲೆ ನಿಧಾನವಾಗಿ, ನಿನ್ನ ತಂಗಿ ಸತ್ತಿಲ್ಲ ಅಂತ ನನಗೆ ಅನ್ನಿಸ್ತಿದೆ ಅಂದೆ. ಕುಣಿದಾಡುತ್ತಾನೆ ಅಂದುಕೊಂಡಿದ್ದೆ. ಅವನ ಮುಖದಲ್ಲಿ ರಕ್ತವೇ ಇಲ್ಲದ ಹಾಗಾಯಿತು. ಬೇಡ ಮೇಡಂ, ಅವಳು ಹೋಗಿಬಿಟ್ಟಳು, ಮುಳುಗಿದಳು ಅಂತಲೇ ಬರೆದುಕೊಟ್ಟುಬಿಡಿ, ನಿಮ್ಮಂಥೋರು ಹೇಳಿದರೆ ಭಾವ ನಂಬುತ್ತಾರೆ ಅಂತ ಕೈ ಮುಗಿದ. ದುಃಖ ತಲೆಗೇರಿದೆ ಪಾಪ ಅಂದುಕೊಂಡು ಬೆನ್ನು ತಟ್ಟಿದೆ. ನನ್ನಂಥ ಬೆಪ್ಪು ಇನ್ನೊಬ್ಬಳಿಲ್ಲ.

ಮಧ್ಯಾಹ್ನ ಕ್ಲಿನಿಕ್ಕಿಗೆ ಹೋದೆ. ಕೈ ಕೆಲಸದಲ್ಲಿ ಇರುವಾಗ ಗಂಡಸರ ಬಾಯಿ ಸಡಿಲವಾಗುತ್ತದೆ ಅನ್ನುವುದು ನಾನು ಇಲಾಖೆಯಲ್ಲಿ ಕಂಡುಕೊಂಡ ಉಪಾಯ. ಕ್ಷೌರಿಕನನ್ನು ಕ್ಷೌರ ಮಾಡಿಸಿಕೊಳ್ಳುತ್ತಾ, ಅಡುಗೆಯವನನ್ನು ಬಡಿಸಿಕೊಳ್ಳುತ್ತಾ ವಿಚಾರಿಸಿದವಳು ನಾನು. ಹಲ್ಲು ಹೇಗೂ ನೋಯುತ್ತಿತ್ತು. ಹೊರಗೆ ಟೋಕನ್ ಕೊಡುವ ಮೇಜಿನ ಹಿಂದೆ ಮುದುಕಿ ಕೂತಿದ್ದಳು. ಬೇರೆ ಪೇಷಂಟ್ ಇರಲಿಲ್ಲ.

ಕುರ್ಚಿ ಹಿಂದಕ್ಕೆ ಬಾಗಿತು. ದೀಪ ಕಣ್ಣಿಗೆ ಹೊಡೆಯಿತು. ಡಾಕ್ಟರ್ ಮೆತ್ತಗಿನ ಮನುಷ್ಯ, ಮೆತ್ತಗಿನ ಕೈ. ಹಲ್ಲು ಪೂರ್ತಿ ಹೋಗಿದೆ ಮೇಡಂ, ಕೀಳಬೇಕು, ಮೊದಲು ಮರಗಟ್ಟಿಸೋಣ ಅಂದ. ಎಡಗಡೆ ಚುಚ್ಚಿದ. ಆಮೇಲೆ ಬಲಗಡೆಯೂ ಚುಚ್ಚಿದ. ನೋವು ಇರೋದು ಎಡಗಡೆ ಅಲ್ವಾ ಅಂದೆ. ಎರಡೂ ಕಡೆ ಇದ್ದರೆ ಆರಾಮ ಅಂದ.

ಮರಗಟ್ಟುವವರೆಗೆ ಮಾತಾಡಬಹುದಲ್ಲ ಅಂತ ನಾನು ಶುರು ಮಾಡಿದೆ. ನಾಲಿಗೆ ಇನ್ನೂ ನನ್ನ ಮಾತು ಕೇಳುತ್ತಿತ್ತು.

“ನಿಮ್ಮ ಹೆಂಡ್ತಿ ಸತ್ತಿಲ್ಲ ಡಾಕ್ಟ್ರೇ.”

“ಹೌದಾ?” ಅಂದ. ಟ್ರೇಯಲ್ಲಿ ಇಕ್ಕಳ ಜೋಡಿಸುತ್ತಲೇ ಇದ್ದ.

ಎಲ್ಲಾ ಹೇಳಿದೆ. ಕಂದಿದ ಪ್ಲಗ್ಗು, ಸವೆದ ಕಿಟಕಿ, ಹೊಲಿಗೆ ಚೀಲ. ನೀವು ಅಳೆದು ಅಳೆದು ಕೊಡುತ್ತಿದ್ದಾಗ ಅವಳು ನಿಮ್ಮ ಮೂಗಿನ ಕೆಳಗೇ ಕೂಡಿಡುತ್ತಿದ್ದಳು ಅಂದೆ. ತಾಯಿ ಸಾಯುವಾಗ ಹೊಲದ ಮಧ್ಯೆ ನಿಲ್ಲಿಸಿದಿರಲ್ಲ, ಅವತ್ತೇ ಅವಳು ನಿಮ್ಮನ್ನು ಬಿಟ್ಟಾಗಿತ್ತು ಅಂದೆ. ಅವನ ಮುಖ ಇಳಿಯುವುದನ್ನು ನೋಡಬೇಕು ಅನ್ನುವ ಚಪಲ ನನಗೆ. ಸಿಟ್ಟಿತ್ತು, ಅದಕ್ಕಿಂತ ಜಂಬವಿತ್ತು.

“ಡಿಕ್ಕಿಯಲ್ಲಿ ಆ ಚಾರ್ಜರ್ ಇರಲಿಲ್ವಾ?” ಅಂತ ಕೇಳಿದ. ಅದೊಂದನ್ನೇ ಕೇಳಿದ.

ಇರಲಿಲ್ಲ ಅಂದೆ. ಹೇಳುವಾಗ ತುಟಿ ದಪ್ಪಗಾಗಿ ಮಾತು ಜಾರಿತು.

ಅವನು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತ. ನನ್ನ ಕೆಳತುಟಿಯನ್ನು ಬೆರಳಲ್ಲಿ ಒತ್ತಿ, ಗೊತ್ತಾಗ್ತಿದೆಯಾ ಅಂತ ಕೇಳಿದ. ಇಲ್ಲ ಅಂತ ತಲೆ ಆಡಿಸಿದೆ. ಒಳ್ಳೇದು ಅಂದು, ಹತ್ತಿಯ ಉಂಡೆಗಳನ್ನು ಎರಡೂ ಕಡೆ ತುರುಕಿ, ಇಕ್ಕಳ ಹಾಕಿದ. ಹಲ್ಲು ಬೇರು ಬಿಡುವ ಸದ್ದು ತಲೆಬುರುಡೆಯೊಳಗೆ ಕೇಳಿಸಿತು. ನೋವಿರಲಿಲ್ಲ. ಹಲ್ಲನ್ನು ಟ್ರೇಗೆ ಹಾಕಿ, ಕೈ ತೊಳೆದು, ಟವೆಲ್ಲಿನಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ.

“ಆ ಅಂಗಡಿಯವನ ಹಲ್ಲು ನೋಡಿದ್ರಾ ಮೇಡಂ? ಎಲ್ಲಾ ನಾನೇ ಕಟ್ಟಿದ್ದು. ನನ್ನ ಹೆಂಡ್ತಿ ಬಂದು ಪೋರ್ಟಬಲ್ ಕೇಳಿದ್ರೆ ಈ ಒಂದು ಮಾದರಿ ಮಾತ್ರ ತೆಗೆದು ತೋರಿಸು ಅಂತ ಮೊದಲೇ ಹೇಳಿಟ್ಟಿದ್ದೆ.”

ಧೂಳು ಹಿಡಿದ ಆ ಡಬ್ಬಗಳು ನನ್ನ ಕಣ್ಣ ಮುಂದೆ ಬಂದವು.

ಆ ಮಾದರಿಯ ಒಳಗೆ ಫೋನಿಗೆ ಹಾಕುವಂಥ ಸಿಮ್ ಇದೆ ಅಂತ ಅವನು ವಿವರಿಸಿದ. ಎಲ್ಲೇ ಪ್ಲಗ್ಗಿಗೆ ಹಾಕಲಿ, ಎಲ್ಲಿ, ಎಷ್ಟು ತುಂಬುತ್ತಿದೆ ಅಂತ ಇವನ ಫೋನಿಗೆ ಬರುತ್ತದೆ. ಹೊಲಿಗೆ ಕೋಣೆಯಲ್ಲಿ ಅವಳು ಕದ್ದು ತುಂಬಿದ ಒಂದೊಂದು ದಿನವೂ ಇವನಿಗೆ ಗೊತ್ತಿತ್ತು. ಸಂಜೆ ಅವಳು ಬಂದು ಇವನಿಗೆ ಊಟ ಬಡಿಸುವಾಗ, ಇವತ್ತು ಮುಖ ಸ್ವಲ್ಪ ಗೆಲುವಾಗಿದೆಯಲ್ಲ ಅಂತ ಕೇಳುತ್ತಿದ್ದನಂತೆ. ಅವಳು ಬೆಚ್ಚುವುದನ್ನು ನೋಡೋದೇ ಒಂದು ಮಜಾ ಅಂದ.

ಯಾಕೆ ತಡೆಯಲಿಲ್ಲ ಅಂತ ಕೇಳಲು ಹೋದೆ. ಬಾಯಿಂದ ಹತ್ತಿ ಮತ್ತು ಜೊಲ್ಲು ಮಾತ್ರ ಬಂತು. ಅವನಿಗೆ ಪ್ರಶ್ನೆ ಅರ್ಥವಾಯಿತು.

“ಎಲ್ಲಿಗೆ ಹೋಗೋಕೆ ಕೂಡಿಡ್ತಿದ್ದಾಳೆ ನೋಡೋಣ ಅಂತ. ಅವಳು ಅಲ್ಲಿಗೆ ಹೋಗಿ ಬಾಗಿಲು ತಟ್ಟೋ ಹೊತ್ತಿಗೆ ನಾನೇ ಒಳಗಿಂದ ತೆಗೀಬೇಕು ಅಂತಿದ್ದೆ. ಹಿನ್ನೀರಿನ ಹತ್ತಿರ ಕಾರು ಬಿಡ್ತಾಳೆ ಅಂತ ಮಾತ್ರ ಎಣಿಸಿರಲಿಲ್ಲ.” ನಿಟ್ಟುಸಿರು ಬಿಟ್ಟ. “ಅವತ್ತಿಂದ ಅದನ್ನ ಎಲ್ಲೂ ಹಾಕಿಲ್ಲ. ನೀರಿಗೆ ಬಿತ್ತೋ, ಅವಳ ಹತ್ರ ಇದೆಯೋ ಗೊತ್ತಿರಲಿಲ್ಲ. ಈಗ ನೀವು ಹೇಳಿದ್ರಿ. ಅವಳ ಹತ್ರ ಕಾರಿಲ್ಲ, ಆದ್ರೂ ಒಂದಲ್ಲ ಒಂದು ದಿನ ಯಾವುದಾದರೂ ಗಾಡಿಗೆ ಹಾಕೇ ಹಾಕ್ತಾಳೆ. ನಾನು ಕಾಯ್ತೀನಿ.”

ಆಗ ನನಗೆ ನೆನಪಾಯಿತು. ಕಿತ್ತಿಟ್ಟಿದ್ದ ಮಷೀನಿನ ಪ್ಲಗ್ಗು. ಆ ಪಾಯಿಂಟು ಬೇರೆ ಕೆಲಸಕ್ಕೆ ಬೇಕು ಅಂದದ್ದು. ಕಾರಿಂದು ವ್ಯಾನಿಗೆ ಹಾಕಬಹುದಾ ಅಂತ ಕೇಳಿದ ಆ ಕಣ್ಣು. ತಂಗಿಯನ್ನು ಹುಡುಕಲಿ ಅಂತ ಅಲ್ಲ, ಸತ್ತಳು ಅಂತ ಹೇಳಿಸಲು ಅವನು ನನ್ನನ್ನು ಇಟ್ಟುಕೊಂಡಿದ್ದ. ಅವಳು ಅಲ್ಲೇ ಇದ್ದಳು. ನಾನು ಅಣ್ಣನ ಬೆನ್ನು ತಟ್ಟುವಾಗ ಗೋಡೆಯ ಆಚೆ ಕೂತು ಕೇಳಿಸಿಕೊಳ್ಳುತ್ತಿದ್ದಳೋ ಏನೋ.

ಮೇಜಿನ ಮೇಲಿನ ಅವನ ಫೋನು ಸಣ್ಣಗೆ ಟಿಂಗ್ ಅಂದಿತು.

ಅವನು ನೋಡಿದ. ಮೊದಲ ಸಲ ಆ ಮುಖದಲ್ಲಿ ನಿಜವಾದ ಸಂತೋಷ ಕಾಣಿಸಿತು, ಮಕ್ಕಳ ಸಂತೋಷದ ಥರ. ಪರದೆಯನ್ನು ನನ್ನ ಕಡೆ ತಿರುಗಿಸಿದ. ಹಸಿರು ಚುಕ್ಕಿ. ಅದರ ಕೆಳಗೆ ನಾನು ಬೆಳಿಗ್ಗೆ ನಡೆದು ಬಂದ ಓಣಿ.

“ಭಾಮೈದನ ಬೇಕರಿ,” ಅಂದ. “ಹತ್ತಿರಾನೇ ಆಯ್ತು.”

ನಾನು ಕುರ್ಚಿಯಿಂದ ಏಳಲು ಹೋದೆ. ತಲೆ ಗಿರ್ರೆಂದಿತು, ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದುಕೊಂಡೆ. ಅಷ್ಟರಲ್ಲಿ ಅವನು ಟ್ರೇಯಿಂದ ಆ ಇಕ್ಕಳ ಎತ್ತಿಕೊಂಡು, ಒರೆಸಿ, ಕೋಟಿನ ಜೇಬಿಗೆ ಹಾಕಿಕೊಂಡು ಹೊರಗೆ ನಡೆದಿದ್ದ. ಬಾಗಿಲು ಮುಚ್ಚಿತು. ಹೊರಗಿನಿಂದ ಚಿಲಕ ಬಿತ್ತು.

ಬಾಗಿಲಿನ ಗಾಜಿನಲ್ಲಿ ಮುದುಕಿಯ ಮುಖ ಬಂತು. ರಕ್ತ ನಿಲ್ಲೋವರೆಗೆ ನೀವು ಅಲ್ಲಾಡಬಾರದಂತೆ, ಬಾಯಿ ತೆರೀಬಾರದಂತೆ, ಮಗ ಹೇಳಿ ಹೋಗಿದ್ದಾನೆ ಅಂದಳು. ಹೇಳಿ ತನ್ನ ಮೇಜಿಗೆ ವಾಪಸು ಹೋಗಿ ಕೂತಳು.

ಕಿಟಕಿಗೆ ಕಬ್ಬಿಣದ ಸರಳು. ಚೀಲದಿಂದ ಫೋನು ತೆಗೆದು ಬೇಕರಿಯವನಿಗೆ ಮೆಸೇಜು ಟೈಪ್ ಮಾಡಿದೆ, ಪ್ಲಗ್ ಕೀಳು, ಓಡಿ ಅಂತ. ಹೋಯಿತು. ಅವನು ನೋಡಲಿಲ್ಲ. ಹಿಟ್ಟಿನ ಕೈಯವನು ಫೋನು ಎಲ್ಲಿ ನೋಡುತ್ತಾನೆ. ಹತ್ತಿ ಉಗಿದು ಕರೆ ಮಾಡಿದೆ. ರಿಂಗಾಯಿತು, ಆಯಿತು, ಕಡೆಗೂ ಎತ್ತಿದ.

“ಮೇಡಂ? ನೀವು ಹೇಳಿದ ಹಾಗೇ ಮಾಡಿದೆ. ಬೇರೆ ಚಾರ್ಜರ್ ಸಿಕ್ತು, ವ್ಯಾನಿಗೆ ಸರಿಯಾಗಿ ಕೂತ್ಕೊಂಡಿದೆ. ನಿಮ್ಮ ಉಪಕಾರ ಸಾಯೋವರೆಗೂ ಮರೆಯಲ್ಲ.”

ಕೀಳು ಅಂದೆ. ಬರ್ತಿದ್ದಾನೆ ಅಂದೆ. ಇದ್ದಬದ್ದ ಉಸಿರನ್ನೆಲ್ಲ ಹಾಕಿ ಕೂಗಿದೆ. ತುಟಿ ನನ್ನದಾಗಿರಲಿಲ್ಲ, ನಾಲಿಗೆ ನನ್ನದಾಗಿರಲಿಲ್ಲ. ಗಂಟಲಿನಿಂದ ಹೊರಟದ್ದು ದನ ನರಳಿದಂಥ ಒಂದು ಸದ್ದು, ಅದರ ಜೊತೆ ಗಲ್ಲದ ಮೇಲೆ ಇಳಿದ ರಕ್ತ.

“ಏನೂ ಕೇಳಿಸ್ತಿಲ್ಲ ಮೇಡಂ, ಲೈನು ಸರಿ ಇಲ್ಲ. ನಾನೇ ಸಂಜೆ ಮಾಡ್ತೀನಿ.”

ಅವನು ಇಡುವ ಮುಂಚೆ, ಹಿಂದಿನಿಂದ ಒಂದು ಹೆಣ್ಣಿನ ದನಿ ಕೇಳಿಸಿತು. ಮೆತ್ತಗೆ, ನಗುನಗುತ್ತಾ, ಊರೆಲ್ಲ ಸತ್ತಳು ಅಂದುಕೊಂಡಿರುವವಳ ದನಿ.

“ಅಣ್ಣಾ, ಬಾ ನೋಡು, ಹಸಿರು ಬಂತು.”

ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತೆ. ಪೋರ್ಟಿಕೋದ ಬಿಳಿ ಡಬ್ಬದ ಪಕ್ಕದಿಂದ ಡಾಕ್ಟರ ಪೆಟ್ರೋಲ್ ಕಾರು ನಿಧಾನಕ್ಕೆ ಹಿಂದೆ ಬಂದು, ಗೇಟು ದಾಟಿ, ಬೇಕರಿಯ ಕಡೆ ತಿರುಗಿತು.